ಕ್ರೀಟ್ ದ್ವೀಪದಲ್ಲಿ ನನ್ನ ಬಲಗಾಲು

ನನ್ನ ಬಲಗಾಲಿಗೆ ಒಂದು ಕೆಟ್ಟ ಚಾಳಿಯಿದೆ. ಹೆಂಡತಿ ವನಜ ಕಾರು ನಡೆಸುವಾಗ ಪಕ್ಕದಲ್ಲಿ ಕೂತರೆ ಅದು ಇಲ್ಲದ ಬ್ರೇಕನ್ನು ಒತ್ತುತ್ತದೆ. ಅಮೆರಿಕದ ಮಿಶಿಗನ್ನಿನಲ್ಲಿರುವ ನಮ್ಮ ಟ್ರಾಯ್ ಊರಿನ ಕನ್ನಡಿಗರ ಬಳಗದಲ್ಲಿ ಈ ಚಾಳಿಯಿಲ್ಲದ ಗಂಡನನ್ನು ನಾನು ಕಂಡಿಲ್ಲ. ಆದರೆ ಅವರೆಲ್ಲ ಕಂಪ್ಯೂಟರಿನವರು, ನಾನು ಕಾರಿನವನು. ಹದಿನೆಂಟು ವರ್ಷದಿಂದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಹಾಗಾಗಿ ನನ್ನ ಕಾಲು ಸ್ವಲ್ಪ ಅಧಿಕಾರದಿಂದಲೇ ಒತ್ತುತ್ತಿತ್ತು.

ಒತ್ತುವ ಅವಕಾಶ ಮಾತ್ರ ಕಡಿಮೆ. ಒಂಬತ್ತು ವರ್ಷದ ಹಿಂದೆ, ಹಿಮ ಬಿದ್ದ ಒಂದು ಬೆಳಿಗ್ಗೆ, ವನಜಳ ಕಾರು ಫ್ರೀವೇಯಲ್ಲಿ, ಅಂದರೆ ಸಿಗ್ನಲ್ಲಿಲ್ಲದ ಹೆದ್ದಾರಿಯಲ್ಲಿ, ಜಾರಿ, ಒಂದು ಸುತ್ತು ತಿರುಗಿ ಪಕ್ಕದ ಗೋಡೆಯ ಹತ್ತಿರ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ಅವಳು ಫ್ರೀವೇ ಹತ್ತಲಿಲ್ಲ. ದೇವಸ್ಥಾನಕ್ಕೂ ವೆಸ್ಟ್ ಬ್ಲೂಮ್‌ಫೀಲ್ಡಿನ ಗೆಳತಿಯ ಮನೆಗೂ ಸಿಗ್ನಲ್ಲಿಗೊಮ್ಮೆ ನಿಲ್ಲುತ್ತ ಊರೊಳಗಿನ ರಸ್ತೆಯಲ್ಲೇ ಹೋಗುವಳು. ಅದು ಹೇಗೋ ನಡೆಯುತ್ತಿತ್ತು. ಆದರೆ ಮಗಳು ಆನ್ ಆರ್ಬರಿನಲ್ಲಿ ಕಾಲೇಜು ಸೇರಿದ ಮೇಲೆ ಐವತ್ತು ಮೈಲಿಯ ಫ್ರೀವೇ ತಾಯಿ ಮಗಳ ನಡುವೆ ಬಂತು. ಮಗಳಿಗೆ ಜ್ವರ ಬಂದ ದಿನ ವನಜ ಬೆಳಿಗ್ಗೆಯೇ ಸಾರು ಮಾಡಿ ಡಬ್ಬಿಗೆ ತುಂಬಿ, ನನ್ನ ಮೀಟಿಂಗ್ ಮುಗಿಯಲೆಂದು ಸಂಜೆಯವರೆಗೆ ಕಾದಳು. "ನಾನಿದೀನಲ್ಲ, ನೀನ್ಯಾಕೆ ಒದ್ದಾಡ್ತೀಯ?" ಎಂದೆ. ಅವಳು ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಬಿಗಿ ಮಾಡಿದಳು.

ಮದುವೆಯಾಗಿ ಇಪ್ಪತ್ತು ವರ್ಷವಾಯಿತೆಂದು ಆ ಸೆಪ್ಟೆಂಬರಿನಲ್ಲಿ ಇಬ್ಬರೇ ಮೆಡಿಟರೇನಿಯನ್ ಸಮುದ್ರದ ಕ್ರೀಟ್ ದ್ವೀಪಕ್ಕೆ ಹೋದೆವು. ದಕ್ಷಿಣದ ತುದಿಯಲ್ಲಿ, ಬೆಟ್ಟ ದಾಟಿದರೆ ಮಾತ್ರ ಸಿಗುವ ಒಂದು ಕಡಲತೀರವನ್ನು ನೋಡಲೇಬೇಕೆಂದು ವನಜಳ ಹಟ. ಬಾಡಿಗೆ ಕಾರಿಗೆ ನಾನು ಮೊದಲೇ ಹೇಳಿಟ್ಟಿದ್ದೆ, ಎಂಥ ಗೇರ್ ಎಂದು ಮಾತ್ರ ಕೇಳಿರಲಿಲ್ಲ. ಅನ್ನ ಬೆಂದಿದೆಯೇ ಎಂದು ಯಾರಾದರೂ ಹೋಟೆಲಿನಲ್ಲಿ ಕೇಳುತ್ತಾರೆಯೇ? ಬೆಂಗಳೂರಿನಲ್ಲಿ ನನಗಿದ್ದದ್ದು ಸ್ಕೂಟರು. ಕಾರು ಕಲಿತದ್ದು ಮಿಶಿಗನ್ನಿನಲ್ಲಿ, ಆಟೊಮ್ಯಾಟಿಕ್ಕಿನಲ್ಲಿ. ಕ್ರೀಟಿನ ಬಾಡಿಗೆ ಅಂಗಡಿಗೆ ಹೋಗಿ ನೋಡಿದರೆ ಅಂಗಳದಲ್ಲಿದ್ದ ಪುಟ್ಟ ಬಿಳಿ ಕಾರಿಗೆ ಕ್ಲಚ್ಚೂ ಸೇರಿ ಮೂರು ಪೆಡಲು.

ಕಾರುಗಳ ಊರು ಡೆಟ್ರಾಯ್ಟಿನ ಕಡೆಯವರು, ನಿಮಗೆ ನಾನೇನು ಹೇಳಿಕೊಡುವುದು ಎಂದು ಅಂಗಡಿಯವ ನಕ್ಕು ಕೀ ಕೊಟ್ಟ. ಕ್ಲಚ್ಚಿನೊಳಗೆ ಏನಾಗುತ್ತದೆಂದು ನಾನು ಚಿತ್ರ ಬರೆದು ವಿವರಿಸಬಲ್ಲೆ. ಕಾಲಿಗೆ ಆ ಚಿತ್ರ ತೋರಿಸುವುದು ಹೇಗೆ? ಕಾರು ಕುಪ್ಪಳಿಸಿ ನಿಂತಿತು. ಮತ್ತೆ ಕುಪ್ಪಳಿಸಿತು, ಮತ್ತೆ ನಿಂತಿತು. ಐದನೇ ಸಲಕ್ಕೆ ಅಂಗಡಿಯವ ನೋಡಲಾರದೆ ಒಳಗೆ ಹೋದ.

"ಇಳೀರಿ," ಎಂದಳು ವನಜ.

"ಬೇಡ ಬಿಡು, ಬಸ್ಸಲ್ಲಿ ಎಲ್ಲಾದ್ರೂ ಹೋಗೋಣ."

"ಆ ಕಡಲಿಗೆ ಬಸ್ಸಿಲ್ಲ. ಇಳಿದು ಈ ಕಡೆ ಬಂದು ಕೂತ್ಕೊಳ್ಳಿ."

ಮದುವೆಗೆ ಮುಂಚೆ ಮೈಸೂರಿನಲ್ಲಿ ಅಪ್ಪನ ಅಂಬಾಸಿಡರ್ ನಡೆಸುತ್ತಿದ್ದಳೆಂದು ನನಗೆ ಗೊತ್ತಿತ್ತು. ಯಾವುದೋ ಕಾಲದ ಮಾತೆಂದು ಮರೆತಿದ್ದೆ. ಕಾರು ಒಂದೇ ಒಂದು ಸಲ ಮುಗ್ಗರಿಸಿ, ಹೇಳಿದ ಮಾತು ಕೇಳತೊಡಗಿತು.

ಬೆಟ್ಟದ ದಾರಿಗೆ ತಡೆಗೋಡೆ ಇರಲಿಲ್ಲ. ತಿರುವಿಗೊಂದು ಮೇಕೆ ಮಂದೆ ಇತ್ತು. ಕಡಿದಾದ ಏರಿನ ನಡುವೆ ಮೇಲಿನಿಂದ ಲಾರಿಯೊಂದು ಎದುರಾಯಿತು. ವನಜ ಹಿಂದೆ ಸರಿದು ಅಂಚಿನಲ್ಲಿ ನಿಲ್ಲಿಸಿ ಅದಕ್ಕೆ ದಾರಿ ಬಿಟ್ಟಳು. ಈಗ ಅಲ್ಲಿಂದಲೇ ಮೇಲಕ್ಕೆ ಹೊರಡಬೇಕು. ಹಿಂದೆ ಪ್ರಪಾತ. ಅವಳು ಮೊದಲನೇ ಗೇರಿಗೆ ಹಾಕಿದಳು. ನನ್ನ ಕಾಲಂತೂ ಕಾರಿನ ತಳ ತೂತಾಗುವಂತೆ ಒತ್ತುತ್ತಿತ್ತು.

"ಮೊದ್ಲು ಆ ಕಾಲು ಎತ್ತಿ," ಎಂದಳು ರಸ್ತೆಯಿಂದ ಕಣ್ಣು ತೆಗೆಯದೆ. "ಅಲ್ಲಿ ಬ್ರೇಕಿಲ್ಲ. ನೀವು ಒತ್ತಿದ್ರೆ ಭಯ ಆಗೋದು ನನಗೆ."

ಎತ್ತಿದೆ. ಅವಳು ಹ್ಯಾಂಡ್‌ಬ್ರೇಕ್ ಹಿಡಿದು, ಕ್ಲಚ್ಚನ್ನು ಎಳೆಎಳೆಯಾಗಿ ಬಿಟ್ಟಳು. ಕಾರು ಒಂದು ಅಂಗುಲವೂ ಹಿಂದೆ ಜಾರದೆ ಏರು ಹತ್ತಿತು.

ಕಡಲಲ್ಲಿ ಕಾಲಿಟ್ಟುಕೊಂಡು ಕೂತಾಗ ಇದನ್ನೆಲ್ಲ ಎಲ್ಲಿ ಕಲಿತೆಯೆಂದು ಕೇಳಿದೆ. "ಚಾಮುಂಡಿ ಬೆಟ್ಟದ ಏರಲ್ಲಿ. ಹಿಂದಿನ ಗಾಲಿಗೆ ತಾಗಿಸಿ ಅಪ್ಪ ನನ್ನ ಹೊಸ ಚಪ್ಪಲಿ ಇಡೋರು. ಕಾರು ಜಾರಿದ್ರೆ ಚಪ್ಪಲಿ ಹೋಯ್ತು."

"ಹೋಯ್ತಾ?"

"ಒಂದು ಜೊತೆ ಹೋಯ್ತು. ಎರಡನೇದು ಉಳೀತು."

ಇಪ್ಪತ್ತು ವರ್ಷದಲ್ಲಿ ಈ ಚಪ್ಪಲಿಯ ಕಥೆ ನಾನು ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಮಗಳಿಗೆ ಕಾರು ಕಲಿಸಿದವನು ನಾನು. ಇವಳನ್ನು ಮಾತ್ರ ಒಂಬತ್ತು ವರ್ಷ ಜೋಪಾನವಾಗಿ ಪಕ್ಕದ ಸೀಟಿನಲ್ಲಿ ಕೂರಿಸಿದ್ದೆ.

ಆ ದ್ವೀಪಕ್ಕೊಂದು ಹಳೆಯ ಕಥೆಯಿದೆ. ಹೊಕ್ಕವರು ಹೊರಬರಲಾಗದ ಸುತ್ತುದಾರಿಯ ಕಟ್ಟಡದಿಂದ ವೀರನೊಬ್ಬ, ಹುಡುಗಿಯೊಬ್ಬಳು ಕೊಟ್ಟ ನೂಲಿನುಂಡೆಯ ಜಾಡು ಹಿಡಿದು ಹೊರಬಂದನಂತೆ. ಪ್ರವಾಸಿಗರಿಗೆ ಮಾರುವ ತಟ್ಟೆಗಳ ಮೇಲೆಲ್ಲ ಅವನದೇ ಚಿತ್ರ. ನೂಲು ಕೊಟ್ಟವಳನ್ನು ಹಿಂದಿರುಗುವಾಗ ಅಂಗಡಿ ಅಂಗಡಿಯಲ್ಲೂ ಹುಡುಕಿದೆ, ಸಿಗಲಿಲ್ಲ.

ನವೆಂಬರಿನ ಒಂದು ಬುಧವಾರ ಆಫೀಸಿನಿಂದ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಫ್ರಿಜ್ಜಿನ ಮೇಲೆ ಚೀಟಿ: "ಆನ್ ಆರ್ಬರಿಗೆ ಹೋಗಿದೀನಿ. ಫ್ರೀವೇನಲ್ಲೇ. ಸಾರು ಬಿಸಿ ಮಾಡ್ಕೊಳ್ಳಿ." ಕಿಟಕಿಯಾಚೆ ವರ್ಷದ ಮೊದಲ ಹಿಮ ಉದುರುತ್ತಿತ್ತು. ಫೋನು ಕೈಗೆತ್ತಿಕೊಂಡವನು, ಡ್ರೈವ್ ಮಾಡುತ್ತಿರುತ್ತಾಳೆಂದು ಕೆಳಗಿಟ್ಟೆ. ಸಾರನ್ನು ಒಲೆಯ ಮೇಲಿಟ್ಟು ಅಲ್ಲೇ ನಿಂತೆ.

ಸಾರು ಕುದಿಯುವ ಹೊತ್ತಿಗೆ ಮಗಳ ಫೋನು ಬಂತು. "ಅಪ್ಪಾ, ಅಮ್ಮ ಈಸ್ ಹಿಯರ್." ಹಿಂದಿನಿಂದ ವನಜಳ ದನಿ ಕೇಳಿಸಿತು. "ಕಾಲು ಎತ್ತಿದಾರಾ ಕೇಳು."

ಕೆಳಗೆ ನೋಡಿದೆ. ಅಡುಗೆಮನೆಯ ನೆಲವನ್ನು ನನ್ನ ಬಲಗಾಲು ಗಟ್ಟಿಯಾಗಿ ಒತ್ತಿ ಹಿಡಿದಿತ್ತು.

"ಎತ್ತಿದೀನಿ ಅಂತ ಹೇಳು," ಎಂದೆ. ಹೇಳುತ್ತ ಎತ್ತಿದೆ.