ಕೊನೆಯ ಐದು ಕಂತು

ನನಗೆ ಸೀರಿಯಲ್ ಎಂದರೆ ಆಗುವುದಿಲ್ಲ. ಒಂದು ಮಾತು ಹೇಳುವುದಕ್ಕೆ ಮೂರು ದಿನ ತೆಗೆದುಕೊಳ್ಳುವ ಆ ಹೆಂಗಸರನ್ನು ಕಂಡರೆ, ಟಿವಿಯೊಳಗೆ ನುಗ್ಗಿ ನಾನೇ ಹೇಳಿ ಬರೋಣ ಅನಿಸುತ್ತದೆ. ಅಂಥ ನಾನು ಹೆಚ್ಚುಕಡಿಮೆ ಎರಡು ವರ್ಷ, ರಜೆ ಬಿಟ್ಟು ಪ್ರತಿ ಮಧ್ಯಾಹ್ನ, ಒಂದೇ ಸೀರಿಯಲ್ಲಿನ ಕೊನೆಯ ಐದು ಕಂತುಗಳನ್ನು ಕಿವಿಗೆ ಹಾಕಿಕೊಳ್ಳುತ್ತಾ ಊಟ ಮಾಡಿದ್ದೇನೆ. ಎಲ್ಲ ಶರಣಬಸಮ್ಮನ ದೆಸೆಯಿಂದ.

ಬೇಲಾಪುರದಲ್ಲಿ ಹಡಗಿನ ಸರಕಿನ ಕಾಗದಪತ್ರ ಮಾಡಿಕೊಡುವ ಆಫೀಸೊಂದರಲ್ಲಿ ನಾನು ಇಪ್ಪತ್ತೇಳು ವರ್ಷದಿಂದ ಇದ್ದೇನೆ. ಹೆಸರು ಸತ್ಯಭಾಮಾ, ಊರು ಉಡುಪಿ, ಮದುವೆ ಆಗಲಿಲ್ಲ, ಬಾಯಿ ಸ್ವಲ್ಪ ಖಾರ. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಅಮ್ಮನೂ ನಾನೂ ಇದ್ದೆವು. ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಆಮೇಲೆ ಮನೆಯಲ್ಲಿ ತುಳು ಮಾತಾಡುವುದಕ್ಕೂ ಯಾರಿಲ್ಲ, ಊಟಕ್ಕೆ ಎದುರು ಕೂರುವುದಕ್ಕೂ ಯಾರಿಲ್ಲ. ಆಫೀಸಿನ ಹುಡುಗಿಯರು ಮಧ್ಯಾಹ್ನ ಗುಂಪು ಕಟ್ಟಿಕೊಂಡು ಕೆಳಗೆ ಹೋಗುತ್ತಾರೆ. ಒಂದೆರಡು ಸಲ ನನ್ನನ್ನೂ ಕರೆದರು. ನಾನು ಅವರ ಎಣ್ಣೆ ತಿಂಡಿಯ ಬಗ್ಗೆ ಏನೋ ಅಂದೆ, ಆಮೇಲೆ ಕರೆಯಲಿಲ್ಲ.

ಒಂದು ದಿನ ಚಹಾದ ಲೋಟ ತೊಳೆಯಲು ಪ್ಯಾಂಟ್ರಿಗೆ ಹೋದಾಗ ಹಿಂದಿನ ಸಣ್ಣ ಕೋಣೆಯಿಂದ ಕನ್ನಡ ಕೇಳಿಸಿತು. ಪೊರಕೆ, ಬಕೀಟು, ಫಿನಾಯಿಲ್ ಡಬ್ಬಿಗಳ ನಡುವೆ ನೀಲಿ ಯೂನಿಫಾರ್ಮ್ ಸೀರೆಯ ಹೆಂಗಸೊಬ್ಬಳು ಕಾಲು ಚಾಚಿ ಕೂತು, ಮೊಬೈಲನ್ನು ನೀರಿನ ಬಾಟಲಿಗೆ ಆನಿಸಿಟ್ಟು, ರೊಟ್ಟಿ ಮುರಿಯುತ್ತಿದ್ದಳು. ಮೂರು ತಿಂಗಳಿಂದ ನನ್ನ ಮೇಜು ಒರೆಸುತ್ತಿದ್ದವಳು. ಅಷ್ಟು ದಿನವೂ ನಾನು ಅವಳಿಗೆ ಹಿಂದಿಯಲ್ಲೇ ಗದರಿದ್ದೆ.

“ನೀವು ಕನ್ನಡದವರಾ?” ಎಂದೆ.

“ಹೌದ್ರಿ ಅಕ್ಕೋರ, ಕಲಬುರಗಿ ಕಡೆಯಾಕಿ. ನೀವು ಹಿಂದ್ಯಾಗ ಬೈದಿದ್ದು ಅರ್ಧ ತಿಳೀತಿರಲಿಲ್ರಿ. ಛಲೋನ ಆತು.”

ಮರುದಿನದಿಂದ ನನ್ನ ಡಬ್ಬಿಯೂ ಆ ಕೋಣೆಗೆ ಹೋಯಿತು. ಅವಳದು ಜೋಳದ ರೊಟ್ಟಿ, ಪುಂಡಿಪಲ್ಯ. ನನ್ನದು ಕುಚ್ಚಲಕ್ಕಿ ಅನ್ನ, ಸಾರು. “ಅಕ್ಕಿ ಇನ್ನೊಂಚೂರು ಬೇಯಬೇಕಿತ್ತಲ್ರಿ” ಎಂದು ಅವಳು ದಿನಾ ಹೇಳುತ್ತಿದ್ದಳು. “ನಿನ್ನ ರೊಟ್ಟಿಗೆ ಒಂದು ಹಲ್ಲು ಕೊಟ್ಟಾಗಿದೆ, ಸುಮ್ಮನಿರು ಮಾರಾಯ್ತಿ” ಎಂದು ನಾನು. ಅರ್ಧ ಗಂಟೆ ಅಷ್ಟೇ. ಆದರೆ ಬೆಳಿಗ್ಗೆ ಡಬ್ಬಿ ಕಟ್ಟುವಾಗ ನಾನು ಎರಡು ಪಾಲು ಪಲ್ಯ ಹಾಕತೊಡಗಿದ್ದೆ.

ಹತ್ತೊಂಬತ್ತನೇ ವಯಸ್ಸಿಗೆ ಗಂಡ ಯಂಕಣ್ಣನ ಜೊತೆ ಈ ಕಡೆ ಬಂದವಳು ಅವಳು. ನಮ್ಮ ಆಫೀಸಿನ ಎದುರಿನ ಕಟ್ಟಡದ ಏಳನೇ ಮಹಡಿಗೆ, ಮಗಳು ಜ್ಯೋತಿಯನ್ನು ಬೆನ್ನಿಗೆ ಕಟ್ಟಿಕೊಂಡು ಸಿಮೆಂಟು ಹೊತ್ತಿದ್ದಳಂತೆ. ಕಿಟಕಿಯಿಂದ ಅದನ್ನು ತೋರಿಸಿ, “ಅಲ್ಲಿ ನನ್ನ ಹೆಸರಿಲ್ರಿ, ಬೆವರು ಅದ” ಅನ್ನುತ್ತಿದ್ದಳು. ಜ್ಯೋತಿಗೆ ಒಂಬತ್ತು ವರ್ಷವಾದಾಗ ಯಂಕಣ್ಣ ಕಾಮಾಲೆಯಲ್ಲಿ ಹೋದ. ಥಾಣೆಯ ಪಕ್ಕದ ಕಲ್ವಾದಲ್ಲಿ, ಒಂದೇ ಕೋಣೆಯಲ್ಲಿ ಮಗಳನ್ನು ಸಾಕಿದಳು. ಜ್ಯೋತಿ ಕಲಿತದ್ದು ಮರಾಠಿ ಶಾಲೆಯಲ್ಲಿ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ, ಬರೆಯಲು ಬಾರದು. ಶರಣಬಸಮ್ಮನಿಗೆ ಯಾವ ಭಾಷೆಯ ಅಕ್ಷರವೂ ಬಾರದು.

ಆ ತಾಯಿ-ಮಗಳನ್ನು ಸಂಜೆ ಏಳೂವರೆಗೆ ಒಂದೇ ಚಾಪೆಯ ಮೇಲೆ ಕೂರಿಸುತ್ತಿದ್ದದ್ದು ಈ ಸೀರಿಯಲ್. ಅದಕ್ಕೇನೋ ಹೆಸರಿತ್ತು. ಕಲ್ವಾದ ಕನ್ನಡದವರ ಸಾಲಿನಲ್ಲಿ ಎಲ್ಲರೂ ತಾಯಿ-ಮಗಳ ಸೀರಿಯಲ್ ಅಂತಲೇ ಕರೆಯುತ್ತಿದ್ದರು. ತಾಯಿ ಮಂದಾಕಿನಿ, ಹೊಲಿಗೆಯವಳು. ಮಗಳು ಚಿತ್ರಾ. ಮೂರು ತಿಂಗಳಿಗೊಮ್ಮೆ ಜಗಳ, ಮೂರು ತಿಂಗಳಿಗೊಮ್ಮೆ ರಾಜಿ. ನಾಲ್ಕೂವರೆ ವರ್ಷ ಅವರು ಒಂದು ದಿನವೂ ತಪ್ಪಿಸಲಿಲ್ಲ. ಸೀರಿಯಲ್ ಮುಗಿಯಲು ಬಂದ ಹೊತ್ತಿಗೇ ಆಗಿನ ಕೆಲಸದಲ್ಲಿ ಶರಣಬಸಮ್ಮನಿಗೆ ಸಂಜೆಯ ಪಾಳಿ ಬಿತ್ತು. ಕೊನೆಯ ವಾರ ಅವಳು ನೋಡಲಿಲ್ಲ.

ಅದೇ ವಾರ ಮನೆಯಲ್ಲೂ ಜಗಳವಾಯಿತು. ಜ್ಯೋತಿಯನ್ನು ತನ್ನ ಅಣ್ಣನ ಮಗ ಜಟ್ಟೆಪ್ಪನಿಗೆ ಕೊಡುವುದೆಂದು ಶರಣಬಸಮ್ಮ ಊರಲ್ಲಿ ಮಾತು ಕೊಟ್ಟಿದ್ದಳು. ಜ್ಯೋತಿ ಕಲ್ಯಾಣದ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಯತಿನ್‌ನನ್ನು ಮದುವೆಯಾಗುತ್ತೇನೆಂದಳು. “ಹೋದ್ರ ತಿರುಗಿ ಬರಬ್ಯಾಡ” ಎಂದು ತಾಯಿ ಬಾಗಿಲು ಹಾಕಿಕೊಂಡಳು. ಮಗಳು ಯತಿನ್‌ನ ಊರು ಟಿಟ್ವಾಳಾಕ್ಕೆ ಹೋಗುವ ಮೊದಲು ತಾಯಿಯ ಮೊಬೈಲಿಗೆ ಆ ಐದು ಕಂತುಗಳನ್ನು ಇಳಿಸಿಟ್ಟು, ಹಾಕಿದ ಬಾಗಿಲ ಹೊರಗಿನಿಂದಲೇ ಹೇಳಿದ್ದಿಷ್ಟು: “ಮಮ್ಮಿ, ಮೊಬೈಲ್ ಮೇ ರಖಾ ಹೈ. ಲಾಸ್ಟ್ ತಕ್ ದೇಖ್ನಾ.” ಮೊಬೈಲಿನಲ್ಲಿ ಇಟ್ಟಿದ್ದೇನೆ, ಕೊನೆಯವರೆಗೂ ನೋಡು ಅಂತ. ಆಮೇಲೆ ಇಬ್ಬರ ನಡುವೆ ಒಂದು ಫೋನೂ ಇಲ್ಲ.

ಶರಣಬಸಮ್ಮ ಕೊನೆಯವರೆಗೂ ನೋಡಿದಳು. ಸೋಮವಾರ ಒಂದು, ಮಂಗಳವಾರ ಒಂದು, ಹೀಗೆ ಶುಕ್ರವಾರದವರೆಗೆ. ಮತ್ತೆ ಸೋಮವಾರ ಮೊದಲಿನಿಂದ. ಸೀರಿಯಲ್ ಬಯ್ಯುವವಳು ನಾನೇ ಆದರೂ ಕಥೆ ಕೇಳದೆ ಇರಲಾಗಲಿಲ್ಲ.

“ಕಥಿ ಏನಿಲ್ರಿ” ಎಂದಳು. “ತಾಯಿ ಮಗಳ ಮನಿಗೆ ಹೋಗಿ ಕೂಡ್ತಾಳ. ಬಸ್ ಹತ್ತಿ ತಿರುಗಿ ಬರ್ತಾಳ. ಮನ್ಯಾಗ ಒಬ್ಬಾಕೇ ಕುಂತು ಅಳ್ತಾಳ. ಅಕಡಿ ಮಗಳೂ ಒಬ್ಬಾಕೇ ಅಳ್ತಾಳ. ಕಡೀಕ ಮಗಳು ತವರಿಗೆ ಬಂದು ಜಗಳಾಡ್ತಾಳ, ತಾಯಿ ಬಾಗಲಾ ಹಾಕ್ತಾಳ. ಮುಗೀತು. ನಮ್ಮ ಪೋರಿ ಇದನ್ನ ತೋರ್ಸಾಕಂತ ಇಟ್ಟು ಹೋಗ್ಯಾಳ್ರಿ, ನಮ್ದೂ ಹಿಂಗ ಮುಗೀತು ಅಂತ.”

ಶುಕ್ರವಾರ ಆ ಬಾಗಿಲು ಮುಚ್ಚುವಾಗ ಅವಳು ಊಟ ನಿಲ್ಲಿಸುತ್ತಿದ್ದಳು. ಅಳುತ್ತಿರಲಿಲ್ಲ. ರೊಟ್ಟಿಯ ಚೂರನ್ನು ಡಬ್ಬಿಗೆ ಮರಳಿ ಹಾಕಿ, ಮುಚ್ಚಳ ಒತ್ತಿ, ಬಕೀಟು ಎತ್ತಿಕೊಂಡು ಹೋಗುತ್ತಿದ್ದಳು.

ಹೋದ ಚಳಿಗಾಲದಲ್ಲಿ ಒಂದು ಸೋಮವಾರ ಅವಳು ಸುದ್ದಿ ತಂದಳು. ಕಲ್ವಾದಲ್ಲಿ ಅವಳ ಪಕ್ಕದ ಮನೆಯ ದಾನಮ್ಮ, ನಮ್ಮ ಕಟ್ಟಡದ ಕೆಳಮಹಡಿ ಗುಡಿಸುವವಳು, ಟಿಟ್ವಾಳಾದ ಗಣಪತಿಗೆ ಹೋಗಿದ್ದಾಗ ಜ್ಯೋತಿ ಸಿಕ್ಕಿದ್ದಳು. ತುಂಬಿದ ಬಸುರಿ. ಬರುವ ವಾರದ ಶುಕ್ರವಾರ ಕುಬಸ. ನಮ್ಮ ಕಡೆ ಸೀಮಂತ ಅನ್ನುತ್ತೇವಲ್ಲ, ಅದೇ. ಹಸಿರು ಸೀರೆ, ಹಸಿರು ಬಳೆ ತವರಿನಿಂದಲೇ ಹೋಗಬೇಕು, ತಾಯಿಯೇ ತೊಡಿಸಬೇಕು. “ಅವ್ವ ಬರ್ತಾಳೇನು ಕೇಳು” ಎಂದಿದ್ದಳಂತೆ ಜ್ಯೋತಿ.

“ಹೋಗು ಮತ್ತೆ” ಎಂದೆ ನಾನು.

“ಹ್ಯಾಂಗ ಹೋಗ್ಲಿ? ಕಡೀಗೆ ಏನಾಗ್ತದಂತ ಆಕೀನ ತೋರ್ಸ್ಯಾಳ. ಹೋಗಿ ಕೂಡಿದ್ರೂ ಮತ್ತ ಜಗಳಾನ, ಮತ್ತ ಬಾಗಲಾನ. ಇನ್ನೊಮ್ಮೆ ಆ ಬಾಗಲಾ ಹಾಕೋದು ನನ್ನ ಕೈಲಿ ಆಗಂಗಿಲ್ರಿ ಅಕ್ಕೋರ.” ರೊಟ್ಟಿ ಮುರಿಯುತ್ತಾ ಹೇಳಿದಳು: “ಹೋದ್ರ ಬಾಣಂತನಾ ಯಾರ್ ಮಾಡ್ತಾರ, ನಾನಽ ಮಾಡಬೇಕು. ಕೆಲ್ಸಾ ಬಿಟ್ಟು ಅಲ್ಲೇ ಇರಬೇಕಾಗ್ತದ.”

ಮರುದಿನ ಅವಳ ಮೊಬೈಲು ಅಲುಗಾಡದೆ ನಿಂತುಬಿಟ್ಟಿತು. “ಏನಾತು ನೋಡ್ರಿ” ಎಂದು ನನ್ನ ಕೈಗೆ ಕೊಟ್ಟಳು. ಆರಿಸಿ ಹಚ್ಚಿದೆ. ಪರದೆಯ ಮೇಲೆ ಐದು ಕಂತುಗಳ ಸಾಲು ಬಂತು. ಎರಡು ವರ್ಷದಲ್ಲಿ ನಾನು ಅದನ್ನು ಓದಿದ್ದು ಅದೇ ಮೊದಲು. ಎಲ್ಲಕ್ಕಿಂತ ಮೇಲಿನದು ಸಾವಿರದ ಇನ್ನೂರ ನಾಲ್ಕು. ಅದರ ಕೆಳಗೆ ಮೂರು, ಎರಡು, ಒಂದು. ತಳದಲ್ಲಿ ಸಾವಿರದ ಇನ್ನೂರು. ಕೊನೆಗೆ ಇಳಿಸಿದ್ದನ್ನು ಮೊಬೈಲು ಮೇಲೆ ಇಡುತ್ತದೆ. ಅಕ್ಷರ, ಅಂಕಿ ಬಾರದವಳು ಯಾರಾದರೂ ಮಾಡುವಂತೆ ಮೇಲಿನಿಂದ ಶುರು ಮಾಡಿದ್ದಳು. ಪ್ರತಿ ಕಂತಿನ ಮೊದಲು ಬರುವ ನಿನ್ನೆಯ ಕಥೆಯನ್ನು ಬೆರಳಿನಿಂದ ಹಾರಿಸುವುದನ್ನು ಜ್ಯೋತಿಯೇ ಎಂದೋ ಕಲಿಸಿದ್ದಳು. ಶರಣಬಸಮ್ಮ ಕೈ ತೊಳೆಯಲು ಎದ್ದಾಗ ನಾನು ಮೇಲಿನ ಕಂತನ್ನು ತುದಿಗೆ ಎಳೆದು ನೋಡಿದೆ. ಮಗಳು ಬಾಗಿಲು ತೆರೆಯುತ್ತಾಳೆ, ತಾಯಿ ಒಳಗೆ ಬರುತ್ತಾಳೆ, ಮೇಲೆ ದಪ್ಪ ಅಕ್ಷರದಲ್ಲಿ ‘ಮುಕ್ತಾಯ’.

ಎರಡು ವರ್ಷ ಆ ಹೆಂಗಸು ಕಥೆಯನ್ನು ತಿರುವುಮುರುವಾಗಿ ನೋಡಿದ್ದಳು. ಬಸ್ಸಿನಲ್ಲಿ ಕೂತ ತಾಯಿ ತಿರುಗಿ ಬರುತ್ತಿರಲಿಲ್ಲ, ಹೋಗುತ್ತಿದ್ದಳು. ಕಾಗದ ಓದಲು ಬಾರದ ತಾಯಿಗೆ ಮಗಳು ಆ ಕಂತುಗಳಲ್ಲೇ ‘ನೀನು ಬಾ’ ಎಂದು ಹೇಳಿ ಹೋಗಿದ್ದಳು.

ಅವಳು ಸೆರಗಿಗೆ ಕೈ ಒರೆಸುತ್ತಾ ಬಂದಳು. “ಸರಿ ಆತ್ರೇನು?”

“ಆಯ್ತು” ಎಂದೆ. ಅಷ್ಟೇ ಅಂದೆ.

ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ಬಂತು, ಅವಳು ನನ್ನ ತಟ್ಟೆಗೆ ಶೇಂಗಾ ಹಿಂಡಿ ಹಾಕಿದಳು, ನಾನು ಅವಳಿಗೆ ಪಲ್ಯ ಹಾಕಿದೆ, ಹೇಳಲಿಲ್ಲ. ಹೇಳಿದರೆ ಅವಳು ಹೋಗುತ್ತಾಳೆ. ಹೋದರೆ ಬರುವುದಿಲ್ಲ. ಆ ಪೊರಕೆ ಕೋಣೆ ಬರೀ ಪೊರಕೆ ಕೋಣೆಯಾಗುತ್ತದೆ. ನನ್ನನ್ನು ನಾನೇ ಬೈದುಕೊಂಡೆ, ಥಾಣೆಯವರೆಗೂ ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ಕಿಟಕಿಗೆ ಮುಖ ಮಾಡಿ ಬೈದುಕೊಂಡೆ, ಮರುದಿನ ಮತ್ತೆ ಎರಡು ಪಾಲು ಪಲ್ಯ ಕಟ್ಟಿಕೊಂಡು ಹೋದೆ. ಒಂದು ಮಾತಿಗೆ ಮೂರು ದಿನ ತೆಗೆದುಕೊಳ್ಳುವವರನ್ನು ಆಡಿಕೊಳ್ಳುತ್ತಿದ್ದ ನಾನು ಹತ್ತು ದಿನ ತೆಗೆದುಕೊಂಡೆ.

ಆ ಶುಕ್ರವಾರ ಅವಳು ಊಟಕ್ಕೆ ಕೂರುವ ಮುಂಚೆ ಚೀಲದಿಂದ ಕಾಗದದ ಪೊಟ್ಟಣ ತೆಗೆದಳು. ಬಿಚ್ಚಿದರೆ ಹಸಿರು ಗಾಜಿನ ಬಳೆ, ಎರಡು ಡಜನ್.

“ಕುಬಸ ಇವತ್ತಽ ಅದ ನೋಡ್ರಿ. ಅಂಗಡಿ ಮುಂದ ಹಾದು ಬರ್ತಿದ್ದೆ, ಕೈ ಸುಮ್ನಿರಲಿಲ್ಲ. ತೊಡಸಾಕೇನಲ್ರಿ, ಹಂಗಽ ತಗೊಂಡೆ.” ಒಂದು ಬಳೆಯನ್ನು ತನ್ನ ಗಟ್ಟಿ ಕೈಗೆ ತೂರಿಸಲು ನೋಡಿದಳು, ಅದು ಹೋಗಲಿಲ್ಲ. “ಆಕೀ ಕೈ ಸಣ್ಣಾವು” ಎಂದಳು.

ನಾನು ಡಬ್ಬಿ ಬದಿಗಿಟ್ಟೆ. ಮೊಬೈಲು ತೆಗೆದುಕೊಂಡು ಹೇಳಿದೆ: “ಶರಣಬಸಮ್ಮ, ನೀನು ಇದನ್ನು ಕೆಳಗಿನಿಂದ ನೋಡಬೇಕಿತ್ತು. ಬಾಗಿಲು ಹಾಕುವುದು ಮೊದಲು ಬರುತ್ತದೆ.” ತಳದ ಕಂತನ್ನು ಹಚ್ಚಿ, ಒಂದೊಂದನ್ನೂ ಬೇಕಾದಷ್ಟು ಓಡಿಸುತ್ತಾ ಮೇಲಕ್ಕೆ ಬಂದೆ. ಬಾಗಿಲು, ಚಿತ್ರಾಳ ಅಳು, ಮಂದಾಕಿನಿಯ ಅಳು, ಬಸ್ಸು. ಬಸ್ಸು ಬಂದಾಗ ಅವಳಿಗೆ ತಿಳಿಯಿತು. ಬಾಯಿಗೆ ಸೆರಗು ಒತ್ತಿಕೊಂಡಳು. ಕೊನೆಯ ಕಂತಿನಲ್ಲಿ ಬಾಗಿಲು ತೆರೆದಾಗ ‘ಮುಕ್ತಾಯ’ ಎಂಬ ಪದದ ಕೆಳಗೆ ಬೆರಳಿಟ್ಟು ಓದಿ ಹೇಳಿದೆ.

ಅವಳು ಬಳೆಗಳನ್ನು ಮತ್ತೆ ಕಾಗದದಲ್ಲಿ ಸುತ್ತುತ್ತಾ ಕೇಳಿದಳು: “ನಿಮಗ ಇದು ಯಾವಾಗ ತಿಳೀತ್ರಿ?”

ಈಗಲೇ ಅನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

“ಹತ್ತು ದಿನ ಆಯ್ತು” ಎಂದೆ.

ಅವಳು ನನ್ನ ಡಬ್ಬಿ ನೋಡಿದಳು, ತನ್ನದನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

“ನನಗ ಓದಾಕ ಬರಂಗಿಲ್ರಿ ಅಕ್ಕೋರ” ಎಂದಳು. “ನಿಮಗ ಬರ್ತಿತ್ತು.”

ಯೂನಿಫಾರ್ಮಿನಲ್ಲೇ ಎದ್ದು ಹೋದಳು. ಹೊರಡುವಾಗ ಗಂಟೆ ಎರಡು ಆಗಿತ್ತು. ಥಾಣೆಗೆ ಹೋಗಿ ಗಾಡಿ ಬದಲಿಸಿ ಟಿಟ್ವಾಳಾ ಸೇರುವಷ್ಟರಲ್ಲಿ ಎಲ್ಲ ಮುಗಿದು, ಚಾಪೆ ಸುತ್ತಿದ್ದರಂತೆ. ಯತಿನ್‌ನ ತಾಯಿಯೇ ಬಳೆ ತೊಡಿಸಿ ಆಗಿತ್ತಂತೆ. ಅವುಗಳ ಮೇಲೆಯೇ ಇವಳೂ ತೊಡಿಸಿದಳಂತೆ, ಜ್ಯೋತಿ ಮೊಣಕೈವರೆಗೂ ಕೈ ಕೊಟ್ಟು ಕೂತಿದ್ದಳಂತೆ. ಇದೆಲ್ಲ ನನಗೆ ಹೇಳಿದವಳು ದಾನಮ್ಮ. ಶರಣಬಸಮ್ಮ ಆಮೇಲೆ ಆಫೀಸಿಗೆ ಬರಲಿಲ್ಲ. ಅವಳ ನಂಬರು ನನ್ನಲ್ಲಿದೆ. ಫೋನ್ ಮಾಡುವ ಧೈರ್ಯ ಬರಲಿಲ್ಲ.

ಹೆಣ್ಣು ಮಗು ಹುಟ್ಟಿ ತಿಂಗಳಾದ ಮೇಲೆ ದಾನಮ್ಮ ನನ್ನ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟಳು. ಒಳಗೆ ಅಂಟಿನುಂಡೆ. ಬಾಣಂತಿಗೆ ಮಾಡಿದ್ದರಲ್ಲಿ ತೆಗೆದಿಟ್ಟದ್ದು. ಡಬ್ಬಿ ನನಗೆ ಗೊತ್ತಿತ್ತು, ರೊಟ್ಟಿಯ ಡಬ್ಬಿ.

“ಏನಾದರೂ ಹೇಳಿದಳಾ?” ಎಂದು ಕೇಳಿದೆ.

“ಡಬ್ಬಿ ತಿರುಗಿ ಬರ್ಲಿ ಅಂದಾಳ್ರಿ. ನಾನು ಒಯ್ತೀನಿ ಅಂದ್ರ ಬ್ಯಾಡ ಅಂದ್ಳು, ಅಕ್ಕೋರಽ ಬಂದು ಕೊಡ್ಲಿ ಅಂದ್ಳು.”

ಉಂಡೆಗಳನ್ನು ನಾನು ಒಬ್ಬಳೇ ಕೂತು ತಿಂದೆ, ದಿನಕ್ಕೊಂದರಂತೆ. ಖಾಲಿ ಡಬ್ಬಿ ಕಳಿಸುವ ರೂಢಿ ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಚಕ್ಕುಲಿ ಮಾಡಿ ತುಂಬಿದೆ. ವಾರ ಕಳೆಯಿತು, ಚಕ್ಕುಲಿ ಮೆತ್ತಗಾಯಿತು, ನಾನೇ ತಿಂದು ಮತ್ತೆ ಮಾಡಿದೆ. ಈಗ ಬ್ಯಾಗಿನಲ್ಲಿರುವುದು ಮೂರನೇ ಸಲದ ಚಕ್ಕುಲಿ.

ಸಂಜೆ ಥಾಣೆಯಲ್ಲಿ ನಾನು ಯಾವ ಗಾಡಿ ಹತ್ತಿದರೂ ಡೊಂಬಿವಲಿಗೆ ಆಗುತ್ತದೆ. ಆದರೂ ಈಗೀಗ ಬೇರೆ ಗಾಡಿಗಳನ್ನು ಬಿಟ್ಟು, ಡೊಂಬಿವಲಿ ದಾಟಿ ಮುಂದೆ ಹೋಗುವ ಟಿಟ್ವಾಳಾ ಲೋಕಲಿಗೇ ಕಾಯುತ್ತೇನೆ. ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸಿನಲ್ಲಿ ಮಂದಾಕಿನಿ ಕೂತಿದ್ದಳಲ್ಲ, ಹಾಗೇ ಕೂರುತ್ತೇನೆ. ಇವತ್ತು ಹೋಗಿಯೇಬಿಡುತ್ತೇನೆ ಎಂದುಕೊಳ್ಳುತ್ತೇನೆ. ಮುಂಬ್ರಾ, ದಿವಾ, ಕೋಪರ್ ದಾಟುತ್ತವೆ. ಡೊಂಬಿವಲಿ ಬಂದಾಗ ಹೆಂಗಸರು ದಬದಬ ಎದ್ದು ಬಾಗಿಲಿಗೆ ನುಗ್ಗುತ್ತಾರೆ. ನಾನೂ ಎದ್ದು ಅವರ ಜೊತೆ ಇಳಿದುಬಿಡುತ್ತೇನೆ.