ಕೊಬ್ಬರಿ ಎಣ್ಣೆ ತಿಂದ ಬಿಳಿ ಇಲಿ

ನನಗೆ ಇಲಿ ಎಂದರೆ ಹೊಡೆದು ಆಚೆ ಎಸೆಯುವ ಪ್ರಾಣಿ. ಅಂಥದ್ದನ್ನು ಅಳಿಯ ಶಿವಾಜಿನಗರದ ಮಾರ್ಕೆಟ್ಟಿನ ಹಕ್ಕಿ ಅಂಗಡಿಯಿಂದ ಪಂಜರದ ಸಮೇತ ತಂದು ನನ್ನ ಮೊಮ್ಮಗಳ ಕೈಗೆ ಕೊಟ್ಟ. ಬಿಳಿ ಮೈ, ಕೆಂಪು ಕಣ್ಣು.

"ಊರಾಗ ಇಲಿಗೆ ಪಾಷಾಣ ಇಡ್ತಿದ್ದಿವಿ. ಇಲ್ಲಿ ಬಂದು ಅದಕ್ಕ ಮನಿ ಕಟ್ಟಿ ಕೊಡೋದಾತು" ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾವು ಕಲಬುರಗಿ ಕಡೆಯವರು. ಆಗ ಕೆ.ಆರ್. ಪುರದಲ್ಲಿ ಸಾಲು ಕೋಣೆಗಳ ಒಂದು ಮನೆಯಲ್ಲಿ ಬಾಡಿಗೆಗಿದ್ದೆವು. ಅಳಿಯನಿಗೆ ಸೆಂಟ್ರಿಂಗ್ ಕೆಲಸ, ಮಗಳು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ನಾನು ಜೋಳದ ರೊಟ್ಟಿ ಬಡಿದು, ಹಿಂಡಿ ಕುಟ್ಟಿ ನಮ್ಮ ಕಡೆಯ ಹುಡುಗರಿಗೆ ಮಾರುತ್ತಿದ್ದೆ. ಹಿಂಡಿ ಅಂದರೆ ಚಟ್ನಿಪುಡಿ. ಮೊಮ್ಮಗಳಿಗೆ ಒಂಬತ್ತು ವರ್ಷ. ಹಗಲೆಲ್ಲ ಮನೆಯಲ್ಲಿ ಇರುವವಳು ನಾನೊಬ್ಬಳೇ, ಹಾಗಾಗಿ ಅವಳು ಸ್ಕೂಲಿಗೆ ಹೋದಾಗ ಇಲಿಯ ಚಾಕರಿಯೂ ನನ್ನದೇ ಆಯಿತು.

ಎರಡು ವರ್ಷ ಕಳೆಯುವಷ್ಟರಲ್ಲಿ ಇಲಿಯ ಬೆನ್ನಿನ ಕೂದಲು ತೆಳ್ಳಗಾಯಿತು. ಹಿಂಗಾಲು ಎಳೆಯತೊಡಗಿತು. ಮೊಮ್ಮಗಳು ಸ್ಕೂಲಿನಿಂದ ಬಂದವಳೇ ಚೀಲ ಇಳಿಸದೆ ಪಂಜರದ ಮುಂದೆ ಕೂರುತ್ತಿದ್ದಳು. ಉಸಿರಾಡುತ್ತಿದೆಯೋ ಇಲ್ಲವೋ ನೋಡಿದ ಮೇಲೆಯೇ ಉಣ್ಣುವುದು. ಮಾಲೀಕರ ತಾರಸಿಯಲ್ಲಿ ಪಾರಿವಾಳಗಳಿದ್ದವು. ಅವುಗಳಲ್ಲಿ ಒಂದು, ಇವಳು ಹುಟ್ಟುವ ಮೊದಲಿನದು, ಇನ್ನೂ ಹಾರುತ್ತಿತ್ತು. ಅದನ್ನು ಕಂಡರೆ ಇವಳಿಗೆ ಸಿಟ್ಟು.

ಎದುರು ಕೋಣೆಯಲ್ಲಿ ಒಬ್ಬ ಹುಡುಗಿ ಇದ್ದಳು. ಯಾವುದೋ ಲ್ಯಾಬಿನಲ್ಲಿ ಪ್ರಾಣಿಗಳ ಬಗ್ಗೆ ಓದುವ ಕೆಲಸ. ಮೊಮ್ಮಗಳು ಒಂದು ಭಾನುವಾರ ಪಂಜರ ಎತ್ತಿಕೊಂಡು ಅವಳ ಬಾಗಿಲಿಗೆ ಹೋದಳು. ಹಿಂದೆ ನಾನೂ ಹೋದೆ.

"ಅಕ್ಕ, ಆ ಪಾರಿವಾಳನೂ ಇದೂ ಹೆಚ್ಚುಕಮ್ಮಿ ಒಂದೇ ತೂಕ. ಅದು ನನಗಿಂತ ದೊಡ್ಡದು, ಇನ್ನೂ ಹಾರ್ತಿದೆ. ಇದ್ಯಾಕೆ ಇಷ್ಟು ಬೇಗ ಮುದುಕ ಆಗ್ಬಿಡ್ತು? ನಾನೇನಾದ್ರೂ ತಪ್ಪು ತಿನ್ನಿಸಿದ್ನಾ?"

"ನೀನೇನೂ ಮಾಡಿಲ್ಲ ಕಣೇ" ಎಂದು ಆ ಹುಡುಗಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಮೈಯೆಲ್ಲ ಸಣ್ಣ ಸಣ್ಣ ಕೋಶಗಳಂತೆ. ಒಂದೊಂದಕ್ಕೂ ಕೊಬ್ಬಿನಿಂದ ಆದ ತೆಳು ಪೊರೆ. ನಾವು ಉಸಿರಾಡುವ ಗಾಳಿಯಿಂದಲೇ ಆ ಕೊಬ್ಬು ಕೆಡುತ್ತದಂತೆ. ಒಂದು ಕೆಟ್ಟರೆ ಪಕ್ಕದ್ದನ್ನೂ ಕೆಡಿಸುತ್ತದೆ. ಇಲಿಯ ಪೊರೆಯಲ್ಲಿ ಬೇಗ ಕೆಡುವ ಜಾತಿಯ ಕೊಬ್ಬು ಹೆಚ್ಚು, ಪಾರಿವಾಳದ್ದರಲ್ಲಿ ಕಡಿಮೆ. ಅದಕ್ಕೇ ಇಲಿಗೆ ಮುಪ್ಪು ಬೇಗ ಅಂತೆ.

"ಇದೊಂದೇ ಕಾರಣ ಅಂತ ಯಾರೂ ಗಟ್ಟಿಯಾಗಿ ಹೇಳಲ್ಲ ಅಜ್ಜಿ, ಇನ್ನೂ ಹುಡುಕ್ತಾನೇ ಇದಾರೆ" ಎಂದು ನನ್ನ ಕಡೆ ತಿರುಗಿ ಹೇಳಿದಳು.

ನನಗೆ ಮಾತು ಚೆನ್ನಾಗಿ ಹಿಡಿಸಿತು. ಅಗಸೆ ಹಿಂಡಿ ಕುಟ್ಟಿಟ್ಟರೆ ಬೇಸಿಗೆಯಲ್ಲಿ ಬೇಗ ಕಮಟು ಹಿಡಿಯುತ್ತದೆ. ನಾವು ಸಾರಿಗೆ, ಪಲ್ಯಕ್ಕೆ ಹಾಕುವ ಕುಸುಬೆ ಎಣ್ಣೆಯೂ ಡಬ್ಬಿ ತೆರೆದಿಟ್ಟರೆ ಹಾಗೆಯೇ. ಕೊಬ್ಬರಿ ಎಣ್ಣೆ ತಿಂಗಳುಗಟ್ಟಲೆ ಇಟ್ಟರೂ ಏನೂ ಆಗುವುದಿಲ್ಲ. ಹಾಗಿದ್ದರೆ ಇನ್ನೇನು, ಇಲಿಗೆ ಕೊಬ್ಬರಿ ಎಣ್ಣೆ ತಿನ್ನಿಸಿದರೆ ಆಯಿತು. ಮೊಮ್ಮಗಳೂ ಹೂಂ ಅಂದಳು. ಅಂದಿನಿಂದ ರೊಟ್ಟಿಯ ಚೂರಿಗೆ ಕೊಬ್ಬರಿ ಎಣ್ಣೆ ಸವರಿ ಕೊಡತೊಡಗಿದೆವು. ಇಲಿಗೆ ಒಳ್ಳೆಯದಾದರೆ ನಮಗೂ ಒಳ್ಳೆಯದೇ ಎಂದು ಸಾರಿನ ಒಗ್ಗರಣೆಗೂ ಅದನ್ನೇ ಹಾಕಿದೆ.

ನಮ್ಮ ಕಡೆ ಕೊಬ್ಬರಿ ಎಣ್ಣೆ ಬಾಯಿಗೆ ಹೋಗುವುದೇ ಇಲ್ಲ. ಅಳಿಯ ಒಂದು ತುತ್ತು ಬಾಯಿಗಿಟ್ಟು ಕೈ ತೆಗೆದ.

"ಅತ್ತಿ, ತಲಿಗೆ ಹಚ್ಚೋದನ್ನ ಸಾರಿಗೆ ಹಾಕೀರಲ್ರೀ! ಉಂಡ ಮ್ಯಾಲ ಬಾಚಣಿಗಿನೂ ಕೊಡ್ತೀರೇನು?"

"ಸುಮ್ನ ಉಣ್ಣು. ಪಾರಿವಾಳದಂಗ ಬದುಕ್ತಿ."

"ಗೂಡಿನ್ಯಾಗ ಇಟ್ಟು ಕಾಳು ಹಾಕ್ರಿ ಹಂಗಾದ್ರ."

ಮೊಮ್ಮಗಳು ಮಾತ್ರ ನಗಲಿಲ್ಲ. ಮೂಗು ಹಿಡಿದು ಆ ಸಾರನ್ನು ಪೂರ್ತಿ ಉಂಡಳು. ಅವಳಿಗೆ ಅಷ್ಟು ನಂಬಿಕೆ.

ಒಂದು ವಾರದಲ್ಲಿ ಇಲಿಗೆ ಭೇದಿ ಹತ್ತಿತು. ಪಂಜರ ತೊಳೆದು ತೊಳೆದು ನನ್ನ ಸೊಂಟ ಬಿತ್ತು. ಎದುರು ಕೋಣೆಯ ಹುಡುಗಿ ವಾಸನೆ ಹಿಡಿದು ಬಂದು ಕೇಳಿದಳು. ಹೇಳಿದೆ. ಮೊದಲು ನಕ್ಕುಬಿಟ್ಟಳು, ಆಮೇಲೆ ಮೊಮ್ಮಗಳ ಮುಖ ನೋಡಿ ನಗು ನುಂಗಿದಳು.

"ಎಣ್ಣೆ ನಿಲ್ಸಿಬಿಡಿ ಅಜ್ಜಿ. ತಿಂದಿದ್ದು ಹಾಗ್ಹಾಗೇ ಹೋಗಿ ಪೊರೆ ಆಗಲ್ಲ. ಸ್ವಲ್ಪ ಆಚೀಚೆ ಆಗ್ಬಹುದು, ಅಷ್ಟೇ. ಯಾವ ಕೊಬ್ಬು ಎಷ್ಟಿರ್ಬೇಕು ಅಂತ ಇಲಿ ಮೈ ತಾನೇ ಹೊಂದಿಸ್ಕೊಳ್ಳುತ್ತೆ. ಏನ್ ತಿನ್ನಿಸಿದ್ರೂ ಇಲಿ ಇಲಿನೇ."

"ಹಾಗಾದ್ರೆ ಇದು ಸಾಯತ್ತಾ ಅಕ್ಕ?"

ಆ ಹುಡುಗಿ ಬಗ್ಗಿ ಪಂಜರದ ಚಿಲಕ ಸರಿಮಾಡತೊಡಗಿದಳು. ಓದಿದವಳೇ ಆದರೂ ಮನಸ್ಸು ಮೆತ್ತಗೆ. ಕೂಸಿಗೆ ಸುಳ್ಳು ಆಸೆ ಕೊಡುವುದು ನನಗೆ ಬರುವುದಿಲ್ಲ.

"ಸಾಯ್ತದ" ಅಂದೆ. "ಇಲಿಗೆ ಇಷ್ಟೇ ಆಯುಷ್ಯ. ಇದು ಅದರ ಮುಪ್ಪು. ನಿನ್ನ ತಪ್ಪಿಲ್ಲ."

ಮೊಮ್ಮಗಳು ನನಗೆ ಬೆನ್ನು ತಿರುಗಿಸಿ ಕುಳಿತಳು. ಬಿಟ್ಟೆ. ಸಮಾಧಾನ ಮಾಡಲು ಹೋದರೆ ಅಳು ಜಾಸ್ತಿ.

ದೀಪ ಹಚ್ಚುವ ಹೊತ್ತಿಗೆ ತಾನಾಗಿ ಎದ್ದಳು. ಇಲಿಗೆ ಹತ್ತಲಾಗದ ಮೇಲಿನ ಹಲಗೆಯನ್ನು ಪಂಜರದಿಂದ ಕಿತ್ತಳು. ನೀರಿನ ಬಾಟಲಿಯನ್ನು ಅದರ ಮೂತಿಗೆ ತಾಗುವಷ್ಟು ಕೆಳಗೆ ಕಟ್ಟಿದಳು. "ಅಜ್ಜಿ, ಮೆತ್ತಗಿರೋ ಬಟ್ಟೆ ಕೊಡು" ಅಂದಳು. ನನ್ನ ಹಳೆಯ ಸೀರೆಯ ಸೆರಗು ಹರಿದು ಕೊಟ್ಟೆ. ಮಾರನೆಯ ದಿನದಿಂದ ಅವಳು ಇಲಿ ಉಸಿರಾಡುತ್ತಿದೆಯೇ ಎಂದು ನೋಡುವುದನ್ನು ಬಿಟ್ಟಳು. ಅದನ್ನು ಮಡಿಲಲ್ಲಿಟ್ಟುಕೊಂಡು ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು. ಅನ್ನ ಮಿದ್ದು ಬೆರಳಿನಿಂದ ತಿನ್ನಿಸುತ್ತಿದ್ದಳು.

ಆಷಾಢ ಮುಗಿಯುವ ಮೊದಲು ಒಂದು ಬೆಳಿಗ್ಗೆ ಅದು ಸೆರಗಿನ ಮೇಲೆ ಮಲಗಿದಲ್ಲೇ ಸತ್ತಿತ್ತು. ಹಿತ್ತಿಲ ಗೋಡೆ ಪಕ್ಕ ನಾನು ಕುಳಿ ತೋಡಿದೆ, ಅವಳು ಮಣ್ಣು ಹಾಕಿದಳು. ಅತ್ತಳು, ಆದರೆ ನಾನು ಹೆದರಿದಷ್ಟು ಅಲ್ಲ.

"ಅಜ್ಜಿ, ನಿನ್ನ ಮೈಯಲ್ಲಿರೋ ಕೊಬ್ಬೂ ಕೆಡ್ತಾ ಇದೆಯಾ?"

"ಕೆಡ್ಲಾಕ ಹತ್ತಿ ಬಾಳ ವರ್ಷ ಆಗ್ಯಾವ."

"ಮತ್ತೆ ನೀನು?"

"ನಾನೂ ಸಾಯ್ತೀನಿ. ಇವತ್ತಲ್ಲ. ಕೈ ತೊಳಕೊಂಡು ಬಾ, ರೊಟ್ಟಿ ಆರ್ತದ."

ಬಂದು ಉಂಡಳು.