ಹರಿವಾಣದಲ್ಲಿಲ್ಲದ ಪವಿತ್ರ

ಹರಿವಾಣ ಕಂಡೊಡನೆ ಅದರಲ್ಲಿ ಏನಿಲ್ಲವೆಂದು ಹುಡುಕುವ ದೋಷ ನನ್ನಲ್ಲಿ ಹಿಂದಿನಿಂದಲೂ ಇದೆ. ಒಮ್ಮೆ ಎಣ್ಮಕಜೆಯ ಬಂಧುಗಳ ಮನೆಯ ಶ್ರಾದ್ಧದಲ್ಲಿ, ಪುರೋಹಿತರು ಕೂರುವ ಮೊದಲೇ, "ಪವಿತ್ರವೇ ಇಲ್ಲವಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ. ಅವರು ಸಾವಕಾಶವಾಗಿ ಕುಳಿತು, ಹರಿವಾಣದ ದರ್ಭೆಯನ್ನೆತ್ತಿ ಬೆರಳಿಗೆ ಸುತ್ತಿ ಗಂಟಿಕ್ಕಿದರು, ಪವಿತ್ರದ ಉಂಗುರವಾಯಿತು. "ಮಾಷ್ಟ್ರೇ, ಇದು ಕೂತ ಮೇಲೆ ಕಟ್ಟುವುದಲ್ಲವಾ?" ಎಂದರು.

ಆ ಹಳೆಯ ಅವಮಾನ ಮೊನ್ನೆ ಸೊಸೆ ವಿದ್ಯಾಳ ಕಂಪ್ಯೂಟರಿನ ಮುಂದೆ ಮರಳಿ ನೆನಪಾಯಿತು. ಊರಿನ ಹಲವು ಮನೆಗಳಿಗೆ ಶ್ರಾದ್ಧದ ತಿಥಿ ನೋಡಿ ಹೇಳುವುದು ನನ್ನ ಪಾಲಿಗೆ ಬಂದ ಸೇವೆ. ಕಣ್ಣು ಮಂಜಾಗಿ ಪಂಚಾಂಗದ ಅಂಕೆಗಳು ಒಂದರೊಳಗೊಂದು ಸೇರತೊಡಗಿದ್ದರಿಂದ, ಕುಂಬಳೆಯ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಆಕೆ ಅದಕ್ಕೊಂದು ಪ್ರೋಗ್ರಾಂ ಬರೆದಳು. ತಿಥಿ ತಪ್ಪಿದರೆ ಯಾರದೋ ತಂದೆಗೆ ಪಿಂಡ ತಪ್ಪಿದಂತೆ. ಆದ್ದರಿಂದ ಕಳೆದ ವರ್ಷದ ತಿಥಿಗಳನ್ನೆಲ್ಲ ಕೇಳಿ ನೋಡಿದೆ. ಉತ್ತರಗಳೆಲ್ಲ ಸರಿ, ಆದರೆ ಪರದೆಯ ತುಂಬ ಕೆಂಪು ಗೆರೆಗಳು. ತಿಥಿಗೆ ಕೂಡಿಸಲು ಬಾರದು, ಕಳೆಯಲು ಬಾರದು ಎಂಬಂಥ ಏಳು ಆಕ್ಷೇಪಣೆಗಳು.

"ಸರಿಯಾಗಿ ಕೂಡಿಸ್ತಾ ಉಂಟಲ್ಲ, ಮತ್ತೆ ಎಂತ ತಕರಾರು?"

"ಅದು ಟೈಪ್ ಚೆಕರ್, ಮಾವ. ಓಡಿಸಿ ನೋಡುದಿಲ್ಲ, ಬರೆದದ್ದನ್ನು ಓದುದು ಮಾತ್ರ. ಕೂಡಿಸುವುದು, ಕಳೆಯುವುದು ಅಂತ ನಾನು ಬೇರೆ ಬೇರೆ ಬರೀಲೇ ಇಲ್ಲ. ಅಂಥ ಕೆಲಸಗಳದ್ದೆಲ್ಲ ಒಂದು ಪಟ್ಟಿ ಕೊಟ್ಟಿದ್ದೇನೆ. ಪ್ರೋಗ್ರಾಂ ಶುರುವಾದ ಮೇಲೆ ಅದನ್ನು ನೋಡಿ ತಿಥಿಗೆ ಸೇರಿಸಿಕೊಳ್ತದೆ."

"ಅಂದರೆ, ಕೂತ ಮೇಲೆ ಕಟ್ಟುವ ಪವಿತ್ರ."

ಆ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. "ಹೌದು, ಇದೂ ನಿಮ್ಮ ಹಾಗೆ ಹರಿವಾಣ ನೋಡಿ ಬೊಬ್ಬೆ ಹಾಕುವ ಜನ. ಒಂದು ಸಾಲು ಬರೆದರೆ ಬಾಯಿ ಮುಚ್ತದೆ" ಎಂದು ನಕ್ಕಳು.

ನನ್ನದೇ ಸ್ವಭಾವದವನೆಂಬ ಮಮತೆಯೋ ಏನೋ, ಬಾಯಿ ಮುಚ್ಚಿಸಲು ಮನಸ್ಸೊಪ್ಪಲಿಲ್ಲ. ಕಾಣದಿರುವುದೂ ಒಂದು ಪ್ರಮಾಣವೆಂದು ಶಾಸ್ತ್ರ ಒಪ್ಪುತ್ತದೆ. ಆದರೆ ಇದ್ದಿದ್ದರೆ ಕಾಣಲೇಬೇಕಾದ ವಸ್ತುವಿನ ವಿಷಯದಲ್ಲಿ ಮಾತ್ರ. ಕತ್ತಲೆಯಲ್ಲಿ ಕೊಡ ಕಾಣಲಿಲ್ಲವೆಂದು ಕೊಡವೇ ಇಲ್ಲವೆನ್ನಲಾಗದು. ಹಾಗೆಂದು, ಇದೆ ಎನ್ನುವುದಕ್ಕೂ ಕೈಯಾಡಿಸಿ ನೋಡಬೇಕಷ್ಟೆ. ಒಂದೊಂದು ಗೆರೆಯನ್ನೂ ಪಟ್ಟಿಯೊಡನೆ ತಾಳೆ ನೋಡಲು ಹೇಳಿದೆ.

ಆರು ಗೆರೆಗಳು ಹುಸಿ. ಏಳನೆಯದರ ಬಳಿ ವಿದ್ಯಾ ಪಟ್ಟಿಯನ್ನು ಮೇಲಿನಿಂದ ಮತ್ತೊಮ್ಮೆ ಓದಿದಳು. ಎರಡು ತಿಥಿಗಳಲ್ಲಿ ಯಾವುದು ಮೊದಲೆಂದು ಹೋಲಿಸುವ ಕೆಲಸ ಪಟ್ಟಿಯಿಂದಲೇ ಬಿಟ್ಟುಹೋಗಿತ್ತು. ಅಧಿಕಮಾಸ ಬಂದ ವರ್ಷಕ್ಕಷ್ಟೇ ಬೇಕಾಗುವ ಲೆಕ್ಕವದು; ಕಳೆದ ವರ್ಷ ಅಧಿಕಮಾಸವಿರಲಿಲ್ಲ. ಅಂಥ ವರ್ಷದಲ್ಲಿ ಪ್ರೋಗ್ರಾಂ ಅರ್ಧದಲ್ಲಿ ನಿಂತು, ತಿಥಿ ಕೇಳಿ ಬಂದವರನ್ನು ನಾನು ಉತ್ತರವಿಲ್ಲದೆ ಕಳುಹಿಸಬೇಕಾಗುತ್ತಿತ್ತು.

"ಇಲ್ಲಿ ದರ್ಭೆಯೇ ಇಲ್ಲ, ಮಾವ" ಎಂದಳು.

ಅದನ್ನು ಪಟ್ಟಿಗೆ ಸೇರಿಸಿದಳು. ಈ ಏಳು ಕೆಲಸಗಳೂ ಪ್ರೋಗ್ರಾಂ ಓಡುವಾಗ ಹುಟ್ಟುವಂಥವು ಎಂದು ಆ ಟೈಪ್ ಚೆಕರಿಗೆ ತಿಳಿಯುವಂತೆ ಒಂದು ಚೀಟಿಯನ್ನೂ ಬರೆದಿಟ್ಟಳು. ಕೆಂಪು ಅಳಿಯಿತು.

ಈಗ ನಾನು ಹರಿವಾಣ ನೋಡಿ ಪವಿತ್ರವೆಲ್ಲಿ ಎನ್ನುವುದಿಲ್ಲ. ದರ್ಭೆ ಇದೆಯೇ ಎಂದು ಕೇಳುತ್ತೇನೆ; ಅದೂ ಪುರೋಹಿತರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.